ಬಾಲ್ ನೆಲಕ್ಕೆ ಬಿಡಬೇಡ ಎಂದವನು ನಾನು

ನನ್ನ ಕೈಯಲ್ಲಿ ಪಳಗಿದ ಮಕ್ಕಳನ್ನು ಗುರುತಿಸುವುದು ಬಹಳ ಸುಲಭವಾಗಿತ್ತು. ಬಾಲ್ ಕೈಗೆ ಬಂದ ಕೂಡಲೇ ಬೇರೆ ತಂಡದ ಮಕ್ಕಳು ರಿಂಗಿನ ಕಡೆ ನೋಡುತ್ತಿದ್ದರು. ನಮ್ಮ ಮಕ್ಕಳು ನನ್ನ ಮುಖ ನೋಡುತ್ತಿದ್ದರು. ತರೀಕೆರೆಯ ಕೋಚ್ ಒಬ್ಬರು ಒಂದು ಸಲ ಪಂದ್ಯ ಮುಗಿದ ಮೇಲೆ ಟೀ ಕುಡಿಯುತ್ತಾ, "ರುದ್ರಪ್ಪಾ, ನಿನ್ ಹುಡುಗ್ರದ್ದು ಏನ್ ಶಿಸ್ತು ಮಾರಾಯ, ನಿನ್ನ ಕೇಳ್ದೆ ಉಸ್ರೂ ಬಿಡಲ್ಲ" ಎಂದಿದ್ದರು. ಆ ಮಾತನ್ನು ಮನೆಗೆ ಬಂದು ಹೆಂಡತಿಗೂ ಹೇಳಿ ಹಿಗ್ಗಿದ್ದೆ. ಆ ಶಿಸ್ತಿನ ಹೆಸರು ಹೆದರಿಕೆ ಎಂದು ನನಗೆ ತಿಳಿಯುವ ಹೊತ್ತಿಗೆ ತಲೆ ಪೂರ್ತಿ ನರೆತಿತ್ತು.

ಕಡೂರು, ತರೀಕೆರೆ, ಅಜ್ಜಂಪುರದ ಶಾಲೆಗಳಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸಲು ಹೊಸದಾಗಿ ಸೇರಿಕೊಂಡ ಹುಡುಗರು, ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. "ನಿಮ್ಮ ಅನುಭವ ಹೇಳಿ ಸಾರ್" ಎಂದು ಕೇಳುತ್ತಾರೆ. ಇಷ್ಟು ವರ್ಷ ಅವರಿಗೆ ಗೆದ್ದ ಶೀಲ್ಡುಗಳ ಕಥೆ ಹೇಳಿ, ಕಾಫಿ ಕೊಟ್ಟು ಕಳಿಸುತ್ತಿದ್ದೆ. ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬರವಣಿಗೆ ಒರಟಾಗಿದ್ದರೆ ಕ್ಷಮಿಸಿ. ಕ್ಷಮೆ ಕೇಳಬೇಕಾದ ವಿಷಯ ಬೇರೆ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ನಮ್ಮಪ್ಪ ಲಕ್ಕವಳ್ಳಿ ಅಣೆಕಟ್ಟಿನಲ್ಲಿ ಗೇಟುಗಳಿಗೆ ಗ್ರೀಸ್ ಹಚ್ಚುವ ಕೆಲಸದಲ್ಲಿದ್ದರು. ಅಲ್ಲಿನ ಕಾಲೊನಿಯಲ್ಲಿ ಎಂಜಿನಿಯರುಗಳು ತಮಗಾಗಿ ಮಾಡಿಸಿಕೊಂಡ ಒಂದು ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಅಂಕಣವಿತ್ತು. ಹಗಲು ಹೊತ್ತು ಅದು ನಮ್ಮದು. ನಮಗೆ ಯಾರೂ ಆಟ ಹೇಳಿಕೊಡಲಿಲ್ಲ. ಸಂಜೆ ಅವರು ಆಡುವುದನ್ನು ನೋಡುವುದು, ಮಾರನೆಯ ದಿನ ನಾವು ಹಾಗೇ ಆಡುವುದು, ತಪ್ಪಿದರೆ ನಗುವುದು, ಮತ್ತೆ ಆಡುವುದು. ಹೀಗೆ ಯಾರ ಬೈಗುಳವೂ ಇಲ್ಲದೆ ಕಲಿತವನು ನಾನು. ಕಲಿಸಲು ನಿಂತಾಗ ಅದು ನನಗೆ ನೆನಪಾಗಲೇ ಇಲ್ಲ ಎಂಬುದು ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ.

ಮುಂದೆ ಕಡೂರಿನ ಒಂದು ಹೈಸ್ಕೂಲಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಗಂಟೆ ಹೊಡೆಯುವುದು, ಹಾಜರಿ ಪುಸ್ತಕ ತಿರುಗಿಸುವುದು, ನೀರು ತುಂಬಿಸುವುದು. ಅಲ್ಲಿ ಹನುಮಂತಯ್ಯ ಎಂಬ ಪಿ.ಟಿ. ಮೇಷ್ಟ್ರು ಇದ್ದರು. ಖೋ ಖೋದಲ್ಲಿ ಹುಲಿ. ಶಾಲೆಗೆ ಯಾರೋ ದಾನಿಗಳು ಎರಡು ಬ್ಯಾಸ್ಕೆಟ್‌ಬಾಲ್ ಕಂಬ ನೆಡಿಸಿಕೊಟ್ಟಾಗ ಅವರು ಅದನ್ನು ಸುತ್ತಿ ಸುತ್ತಿ ನೋಡಿ, ನನ್ನನ್ನು ಕರೆದರು.

"ಲೇ ರುದ್ರಪ್ಪಾ, ನಿಂಗೆ ಬತ್ತದಂತಲ್ಲ ಈ ಬುಟ್ಟಿ ಆಟ?"

"ಬತ್ತದೆ ಸಾ, ಸುಮಾರಾಗಿ."

"ಹಂಗಾದ್ರೆ ನೀನೇ ಕಲ್ಸು. ನಂಗೆ ತಲೆ ಮೇಲೆತ್ತಿ ಆಡೋ ಆಟ ಆಗಲ್ಲ, ಕತ್ ನೋವು ಬತ್ತದೆ."

ಹಾಗೆ ಹೇಳಿ ಕೊರಳಲ್ಲಿದ್ದ ವಿಷಲ್ಲನ್ನೇ ತೆಗೆದು ನನ್ನ ಕೊರಳಿಗೆ ಹಾಕಿದರು. ಒಳ್ಳೆಯ ಮನುಷ್ಯ. ಆದರೆ ಅವರಿಗೆ ಗೊತ್ತಿದ್ದ ಔಷಧ ಒಂದೇ, ರೌಂಡು. ಪಾಸ್ ತಪ್ಪಿತೇ, ಗ್ರೌಂಡ್ ಸುತ್ತ ಐದು ರೌಂಡು. ತಡವಾಗಿ ಬಂದೆಯಾ, ಹತ್ತು ರೌಂಡು. ನಕ್ಕೆಯಾ, ಅದಕ್ಕೂ ರೌಂಡು. ವಿಷಲ್ಲಿನ ಜೊತೆ ಆ ಔಷಧವೂ ನನಗೆ ಬಂತು. ಬಸವರಾಜ ಎಂಬ ಹುಡುಗನೊಬ್ಬ ಎರಡು ವರ್ಷ ನನ್ನ ಬಳಿ ಇದ್ದ. ತಪ್ಪು ಮಾಡುತ್ತಲೇ ಇದ್ದ, ಓಡುತ್ತಲೇ ಇದ್ದ. ಕೊನೆಗೆ ಜಿಲ್ಲಾ ಮಟ್ಟದಲ್ಲಿ ದೂರದ ಓಟದಲ್ಲಿ ಮೊದಲ ಬಹುಮಾನ ತೆಗೆದುಕೊಂಡು ಬಂದು ನನ್ನ ಕಾಲಿಗೆ ಬಿದ್ದು, "ಎಲ್ಲಾ ನಿಮ್ ಬ್ಯಾಸ್ಕೆಟ್‌ಬಾಲ್ ಕೋಚಿಂಗ್ ಸಾ" ಎಂದ. ಸ್ಟಾಫ್ ರೂಮಿನಲ್ಲಿ ತಿಂಗಳುಗಟ್ಟಲೆ ಈ ಮಾತು ಹೇಳಿಕೊಂಡು ನಕ್ಕರು. ನಾನೂ ನಕ್ಕೆ. ಒಬ್ಬ ಹುಡುಗ ಎರಡು ವರ್ಷ ಆಟ ಕಲಿಯದೆ ಸುಮ್ಮನೆ ಓಡಿದ್ದಾನಲ್ಲಾ ಎಂದು ಯಾರಿಗೂ ಅನ್ನಿಸಲಿಲ್ಲ.

ಎರಡನೆಯ ಪಾಠವನ್ನು ನಾನೇ ಕಂಡುಹಿಡಿದೆ. ಎತ್ತರದ ಮಕ್ಕಳನ್ನು ಹುಡುಕುವುದು. ನೀರಿನ ತೊಟ್ಟಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದೊಂದು ತರಗತಿಗೂ ಒಂದೊಂದು ಗೆರೆ ಎಳೆದಿದ್ದೆ. ತಲೆ ಗೆರೆ ದಾಟಿದರೆ ತಂಡಕ್ಕೆ, ಇಲ್ಲದಿದ್ದರೆ ಖೋ ಖೋಗೆ. ಅಷ್ಟಕ್ಕೇ ಬಿಡಲಿಲ್ಲ. ಈಗ ಎತ್ತರವಿದ್ದವನು ಮುಂದೆಯೂ ಬೆಳೆಯುತ್ತಾನೋ ಇಲ್ಲವೋ ತಿಳಿಯಲು ಅಪ್ಪನ ಎತ್ತರ ನೋಡಬೇಕೆಂದು ಸಂತೆಯ ದಿನ ಕಡೂರಿನ ಬಸ್ ನಿಲ್ದಾಣದಲ್ಲಿ ನಿಲ್ಲುತ್ತಿದ್ದೆ. ಊರುಗಳಿಂದ ಬರುವ ಗಂಡಸರನ್ನು ಅಳೆಯುತ್ತಾ, ಇವರು ಯಾರ ಮನೆಯವರು, ಮಕ್ಕಳು ಎಷ್ಟನೇ ಕ್ಲಾಸು ಎಂದು ವಿಚಾರಿಸುತ್ತಿದ್ದೆ. ನನ್ನ ಹೆಂಡತಿ ಗಿರಿಜಾ, "ಮದ್ವೆಗೆ ಗಂಡ್ ನೋಡೋರೂ ಇಷ್ಟ್ ಕೂಲಂಕಷ ನೋಡಲ್ಲ ಕಣ್ರೀ" ಎಂದು ಹಾಸ್ಯ ಮಾಡುತ್ತಿದ್ದಳು. ಒಂದು ಸಲ ಆರಡಿ ದಾಟಿದ ಒಬ್ಬರ ಜೊತೆ ಬಂದ ಸಿದ್ದೇಶ ಎಂಬ ಹುಡುಗನನ್ನು ಆ ಕೂಡಲೇ ತಂಡಕ್ಕೆ ಸೇರಿಸಿಕೊಂಡೆ. ಶಾಲೆಯ ವಾರ್ಷಿಕೋತ್ಸವಕ್ಕೆ ಅವನ ನಿಜವಾದ ಅಪ್ಪ ಬಂದರು. ನನ್ನ ಎದೆಮಟ್ಟ ಇದ್ದರು.

"ಅವತ್ತು ನಿನ್ ಜೊತೆ ಬಂದಿದ್ರಲ್ಲ, ಅವ್ರ್ಯಾರೋ?" ಎಂದು ಕೇಳಿದೆ.

"ಅವ್ರಾ ಸಾ? ಪಕ್ಕದ್ ಮನೆಯೋರು. ಕೋಳಿ ಮಾರೋಕೆ ಬಂದಿದ್ರು."

ಇಷ್ಟರವರೆಗೆ ನಗುವ ಕಥೆ. ಮಂಜುನಾಥನದು ಬೇರೆ.

ಅವನು ಬುಕ್ಕಾಂಬುಧಿಯ ಕಡೆಯವನು. ಮನೆಯಲ್ಲಿ ಒಣಭೂಮಿ, ಒಂದಿಷ್ಟು ತೆಂಗು. ಕಡೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಗೆ ಬರುತ್ತಿದ್ದ. ಹನ್ನೆರಡು ವರ್ಷಕ್ಕೆ ಅವನ ತಲೆ ಹತ್ತನೇ ತರಗತಿಯ ಗೆರೆ ಮುಟ್ಟಿತ್ತು. ನನಗೆ ನಿಧಿ ಸಿಕ್ಕಿದಂತಾಯಿತು. ಬಂದ ಮೊದಲ ವಾರದಲ್ಲೇ ಒಂದು ಸಂಜೆ ಅವನು ಬಾಲನ್ನು ನೆಲಕ್ಕೆ ಬಡಿಯುತ್ತಾ, ಎಡಕ್ಕೆ ಬಾಗಿ, ಬಲಕ್ಕೆ ಹೊರಳಿ, ಇಬ್ಬರು ದೊಡ್ಡ ಹುಡುಗರ ನಡುವೆ ನುಸುಳಿ ಹೋಗಿ ರಿಂಗಿನಲ್ಲಿ ಹಾಕಿದ. ಹಾಗೆ ಬಾಲ್ ಬಡಿದುಕೊಂಡು ಹೋಗುವುದನ್ನೇ ನಾವು ಡ್ರಿಬಲ್ ಎನ್ನುವುದು. ಆಟದ ಜೀವವೇ ಅದು. ಉಳಿದ ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ವಿಷಲ್ ಊದಿದೆ.

"ಲೇ ಮಂಜಾ, ಯಾರೋ ಕಲ್ಸಿದ್ದು ನಿಂಗೆ ಅದನ್ನ?"

"ಯಾರೂ ಇಲ್ಲ ಸಾ. ಹಂಗೇ ಬಂತು."

"ಹಂಗೇ ಬಂದಿದ್ದು ಹಂಗೇ ಹೋಗ್ಲಿ. ಅದು ಕುಳ್ಳ್ರ ಕೆಲ್ಸ. ನಿನ್ ಜಾಗ ಬುಟ್ಟಿ ಕೆಳಗೆ. ಎರಡೂ ಕೈ ಮೇಲೆ. ಬಾಲ್ ಬಂತಾ, ಮೇಲ್ಮೇಲೇ ಹಾಕು. ನೆಲಕ್ಕೆ ಬಿಟ್ಟೆ ಅಂದ್ರೆ ಐದು ರೌಂಡು."

ಹುಡುಗ ತಲೆಯಾಡಿಸಿದ. ಮೊದಲ ತಿಂಗಳು ಅಭ್ಯಾಸಬಲದಿಂದ ಬಾಲ್ ಕೆಳಗೆ ಬಿಡುತ್ತಿದ್ದ, ಓಡುತ್ತಿದ್ದ. ಆಮೇಲೆ ಬಿಡುವುದನ್ನು ನಿಲ್ಲಿಸಿದ. ಅವನು ಬುಟ್ಟಿಯ ಕೆಳಗೆ ಕೈಯೆತ್ತಿ ನಿಲ್ಲುವುದು, ಉಳಿದವರು ಅವನಿಗೆ ಎತ್ತರಿಸಿ ಕೊಡುವುದು, ಅವನು ಹಾಕುವುದು. ಆ ವಯಸ್ಸಿನ ಮಕ್ಕಳಲ್ಲಿ ಅವನನ್ನು ತಡೆಯುವವರೇ ಇರಲಿಲ್ಲ. ಮೂರು ವರ್ಷ ಗೆದ್ದೆವು. ತರೀಕೆರೆಯಲ್ಲಿ ಗೆದ್ದೆವು, ಅಜ್ಜಂಪುರದಲ್ಲಿ ಗೆದ್ದೆವು. ಶಾಲೆಯ ಕಾರ್ಯದರ್ಶಿಗಳು ಶೀಲ್ಡುಗಳನ್ನು ಜೋಡಿಸಲು ಗಾಜಿನ ಬೀರು ಮಾಡಿಸಿದರು. ಗಂಟೆ ಹೊಡೆಯುವ ಕೆಲಸ ಬಿಡಿಸಿ ನನ್ನನ್ನು ಪೂರ್ತಿ ಕೋಚ್ ಮಾಡಿದರು. ಮಂಜನ ಹೆಗಲ ಮೇಲೆ ಹತ್ತಿ ನಾನು ಎತ್ತರವಾದೆ ಎಂದರೆ ಸರಿ.

ಹತ್ತನೇ ತರಗತಿಗೆ ಬರುವ ಹೊತ್ತಿಗೆ ಉಳಿದ ಹುಡುಗರು ಬೆಳೆದರು. ಮಂಜ ನಿಂತುಬಿಟ್ಟ. ಐದಡಿ ಎಂಟಂಗುಲಕ್ಕೆ ಬಂದು ಅಲ್ಲೇ ಉಳಿದ. ಪ್ರತಿ ಶನಿವಾರ ತೊಟ್ಟಿಯ ಗೋಡೆಗೆ ಬೆನ್ನು ಕೊಟ್ಟು ನಿಂತು, "ನೋಡಿ ಸಾ, ಒಂಚೂರಾದ್ರೂ ಆಗೈತಾ?" ಎನ್ನುತ್ತಿದ್ದ. ಹಿಮ್ಮಡಿ ಮೆಲ್ಲಗೆ ಎತ್ತಿರುತ್ತಿದ್ದ. ನಾನು ನೋಡಿಯೂ ನೋಡದವನಂತೆ, "ಆಯ್ತಾ ಐತೆ ಕಣೋ" ಎನ್ನುತ್ತಿದ್ದೆ. ಕಂಬಿಗೆ ಜೋತುಬೀಳು ಎಂದೆ, ಜೋತುಬಿದ್ದ. ಮೊಟ್ಟೆ ತಿನ್ನು ಎಂದೆ. ಮೊಟ್ಟೆ ಒಳಗೆ ಬಾರದ ಮನೆ ಅವರದು. ಬಸ್ ನಿಲ್ದಾಣದ ಹತ್ತಿರ ನಿಂತು ತಿಂದು, ವೀಳ್ಯದೆಲೆ ಅಗಿದುಕೊಂಡು ಮನೆಗೆ ಹೋಗುತ್ತಿದ್ದನಂತೆ. ಹೇಳಿದ್ದೆಲ್ಲ ಮಾಡುವ ಹುಡುಗ. ಆಗಲಾದರೂ ನಾನು, ಬಾ ಮಂಜಾ, ಬಾಲ್ ಬಡಿಯೋದು ಕಲಿಸ್ತೀನಿ ಎನ್ನಬಹುದಾಗಿತ್ತು. ಹಾಗೆಂದರೆ ಮೂರು ವರ್ಷ ತಪ್ಪು ಹೇಳಿದೆ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಎನ್ನಲಿಲ್ಲ.

ಅದೇ ವರ್ಷ ಚಿಕ್ಕಮಗಳೂರಿನಲ್ಲಿ ಕ್ರೀಡಾ ಹಾಸ್ಟೆಲ್ ಆಯ್ಕೆ ನಡೆಯಿತು. ಅಲ್ಲಿ ಆಯ್ಕೆಯಾದರೆ ಊಟ, ವಸತಿ, ಕಾಲೇಜು ಓದು, ದಿನಾ ಒಳ್ಳೆಯ ತರಬೇತಿ. ಮಂಜನ ಅಪ್ಪ ಮೊದಲೇ ಹೇಳಿದ್ದರು, "ಅಲ್ಲಿ ತಗೊಂಡ್ರೆ ಆಡ್ಲಿ, ಬ್ಯಾಡ ಅನ್ನಲ್ಲ. ತಗೊಳ್ಳಿಲ್ಲ ಅಂದ್ರೆ ಆಟ ಸಾಕು, ಯಾವ್ದಾದ್ರೂ ಕೆಲ್ಸ ಕಲೀಲಿ." ಹುಡುಗನಿಗೆ ಅದೊಂದೇ ಬಾಗಿಲು ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಆಯ್ಕೆ ಮಾಡುವವರಲ್ಲಿ ದಪ್ಪ ಕನ್ನಡಕದ ಹಿರಿಯರೊಬ್ಬರಿದ್ದರು. ಮೊದಲು ಪಾಸ್ ಕೊಡಿಸಿದರು. ಮಂಜ ಚೆನ್ನಾಗಿ ಕೊಟ್ಟ. ಆಮೇಲೆ ಬಾಲನ್ನು ಅವನ ಕೈಗಿತ್ತು, "ಈ ತುದಿಯಿಂದ ಆ ತುದಿಗೆ ಬಲಗೈಲಿ ಡ್ರಿಬಲ್ ಮಾಡ್ಕೊಂಡು ಹೋಗು, ಎಡಗೈಲಿ ವಾಪಸ್ ಬಾ" ಎಂದರು. ಮಂಜ ನನ್ನ ಕಡೆ ನೋಡಿದ. ನಾನು ಹೂಂ ಎಂದು ತಲೆಯಾಡಿಸಿದೆ. ಮೂರನೆಯ ಸಲ ನೆಲಕ್ಕೆ ಬಡಿದಾಗ ಬಾಲ್ ಅವನ ಕಾಲಿಗೇ ತಗುಲಿ ಆಚೆ ಉರುಳಿತು. ಇನ್ನೊಮ್ಮೆ ಅವಕಾಶ ಕೊಟ್ಟರು. ಮತ್ತೆ ಉರುಳಿತು. ಹನ್ನೆರಡನೆಯ ವಯಸ್ಸಿನಲ್ಲಿ ಇಬ್ಬರನ್ನು ದಾಟಿ ಹೋಗಿದ್ದ ಹುಡುಗ ಹದಿನಾರನೆಯ ವಯಸ್ಸಿನಲ್ಲಿ ಯಾರೂ ಅಡ್ಡವಿಲ್ಲದ ಖಾಲಿ ಅಂಕಣ ದಾಟಲಾರದೆ ನಿಂತಿದ್ದ. ಅವನ ಕಿವಿ ಕೆಂಪಾಗಿತ್ತು.

ಎಲ್ಲ ಮುಗಿದ ಮೇಲೆ ಆ ಹಿರಿಯರು ನನ್ನ ಬಳಿಗೆ ಬಂದರು.

"ಕೋಚ್ ನೀವಾ? ಹುಡುಗನ ಕಣ್ಣು ಚೆನ್ನಾಗಿದೆ, ಎಲ್ಲರಿಗಿಂತ ಮೊದಲು ಪಾಸ್ ನೋಡ್ತಾನೆ. ಡ್ರಿಬಲ್ ಯಾಕೆ ಕಲಿಸಲಿಲ್ಲ?"

ನಾನು ಕೊರಳಿನ ವಿಷಲ್ಲನ್ನು ತೆಗೆದು ಜೇಬಿಗೆ ಹಾಕಿಕೊಂಡೆ.

"ಹೋಗ್ಲಿ ಬಿಡಿ. ಒಂದು ವರ್ಷ ಕಲಿಸಿ. ಇವನಿಗೆ ಇನ್ನೂ ವಯಸ್ಸಿದೆ. ಮುಂದಿನ ವರ್ಷ ಕರ್ಕೊಂಡು ಬನ್ನಿ, ನಾನೇ ನೋಡ್ತೀನಿ."

ವಾಪಸ್ ಬಸ್ಸಿನಲ್ಲಿ ಮಂಜ ಕಿಟಕಿಯ ಪಕ್ಕ ಕುಳಿತಿದ್ದ. ಸಖರಾಯಪಟ್ಟಣ ದಾಟಿದ ಮೇಲೆ ಅವನು ಕೇಳಿದ.

"ಆ ಸಾರು ನಿಮ್ಗೆ ಏನಂದ್ರು ಸಾ?"

ಆ ಕ್ಷಣದಲ್ಲಿ ಸತ್ಯ ಹೇಳಿದ್ದರೆ ನನ್ನ ಗಾಜಿನ ಬೀರುವಿನ ಮಾನ ಹೋಗುತ್ತಿತ್ತು, ಅಷ್ಟೆ. ನಾನು ಹೇಳಿದ್ದು ಇದು.

"ಏನಂತಾರೆ? ಶಿಫಾರಸು ಇದ್ದೋರ್ನ ತಗೊಂಡ್ರು ಕಣೋ. ಮೊದ್ಲೇ ಪಟ್ಟಿ ಮಾಡ್ಕೊಂಡಿರ್ತಾರೆ. ನಿನ್ ಪರವಾಗಿ ಎಷ್ಟೋ ಜಗಳಾಡ್ದೆ. ನಮ್ಮಂಥೋರಿಗಲ್ಲ ಅದು."

ಅವನು ಕಿಟಕಿಯಿಂದ ನನ್ನ ಕಡೆ ತಿರುಗಿದ.

"ಹಂಗಾದ್ರೆ ನಂದೇನೂ ತಪ್ಪಿಲ್ವಾ ಸಾ?"

"ಇಲ್ಲ ಕಣೋ."

ನಾನು ಆ ದಿನ ಆಡಿದ ಮಾತುಗಳಲ್ಲಿ ನಿಜ ಅದೊಂದೇ.

ಮಂಜ ಮತ್ತೆ ಗ್ರೌಂಡಿಗೆ ಬರಲಿಲ್ಲ. ಪರೀಕ್ಷೆ ಮುಗಿಸಿ, ಅಜ್ಜಂಪುರದಲ್ಲಿ ಪಂಪ್‌ಸೆಟ್ ಮೋಟಾರ್‌ಗಳಿಗೆ ತಂತಿ ಸುತ್ತುವ ಅಂಗಡಿಗೆ ಕೆಲಸ ಕಲಿಯಲು ಸೇರಿದನೆಂದು ಕೇಳಿದೆ. ಮುಂದಿನ ವರ್ಷ ಆಯ್ಕೆಯ ದಿನ ಬಂದಾಗ ನಾನು ಜ್ವರ ಎಂದು ಹೇಳಿ ಮನೆಯಲ್ಲೇ ಮಲಗಿದ್ದೆ. ಎಷ್ಟೋ ವರ್ಷಗಳ ನಂತರ ತರೀಕೆರೆಯ ಒಂದು ಮದುವೆಯಲ್ಲಿ ಸಿಕ್ಕಿದ. ಊಟದ ಪಂಕ್ತಿಯಲ್ಲಿ ನನ್ನನ್ನು ಕೈಹಿಡಿದು ಕೂರಿಸಿ, ತನ್ನ ಹೆಂಡತಿಯನ್ನು ಕರೆದು, "ಇವ್ರೇ ಕಣೇ ನಮ್ ಸಾರು. ನನ್ನ ಸಲುವಾಗಿ ದೊಡ್ಡ್ ದೊಡ್ಡೋರ ಜೊತೆ ಜಗಳಾಡಿದ್ರು" ಎಂದು ಪರಿಚಯ ಮಾಡಿಸಿದ. ನಾನು ತಲೆ ಬಗ್ಗಿಸಿ ಎಲೆಯಲ್ಲಿದ್ದ ಹೋಳಿಗೆ ಮುರಿದೆ. ಆಗಲೂ ನಿಜ ಹೇಳಲಿಲ್ಲ.

ನಾನು ಬದಲಾದದ್ದು ಒಳ್ಳೆಯತನದಿಂದ ಅಲ್ಲ, ಬಲವಂತದಿಂದ. ಕೆಲಸದ ಕೊನೆಯ ವರ್ಷಗಳಲ್ಲಿ ಕೋಚುಗಳಿಗೆಲ್ಲ ಚಿಕ್ಕಮಗಳೂರಿನಲ್ಲಿ ಒಂದು ವಾರದ ತರಬೇತಿ ಕಡ್ಡಾಯ ಮಾಡಿದರು. ಕಲಿಸಲು ಬಂದವಳು ಶ್ವೇತಾ ಎಂಬ ಹುಡುಗಿ, ನನ್ನ ಮಗಳ ವಯಸ್ಸು. ಮೊದಲ ದಿನ ನಾನು ಅಲ್ಲಿನ ಮಕ್ಕಳನ್ನು ಆಡಿಸುವುದನ್ನು ಹದಿನೈದು ನಿಮಿಷ ನೋಡಿದಳು. ಆಮೇಲೆ ಒಂದು ಚೊಂಬು ನೀರು ತಂದುಕೊಟ್ಟಳು.

"ಬಾಯಾರಿಕೆ ಇಲ್ಲಮ್ಮಾ" ಎಂದೆ.

"ಕುಡಿಯೋಕಲ್ಲ ಸಾರ್. ಬಾಯಲ್ಲಿ ತುಂಬ್ಕೊಳ್ಳಿ. ಆಟ ಮುಗಿಯೋವರೆಗೂ ನುಂಗಬಾರದು, ಉಗುಳಬಾರದು."

ನನಗೆ ಸಿಟ್ಟು ಬಂತು. ಆದರೂ ತುಂಬಿಕೊಂಡೆ. ಎರಡು ನಿಮಿಷಕ್ಕೆ ಒಬ್ಬ ಹುಡುಗ ಯಾರೂ ಅಡ್ಡವಿಲ್ಲದೆ ನಿಂತಿದ್ದ ಗೆಳೆಯನನ್ನು ಬಿಟ್ಟು ಗುಂಪಿನೊಳಗೆ ಪಾಸ್ ಎಸೆದ. "ಲೇ" ಎಂದುಬಿಟ್ಟೆ. ನೀರೆಲ್ಲ ಪಕ್ಕದಲ್ಲಿದ್ದ ತರೀಕೆರೆಯ ಕೋಚ್ ಮುಖಕ್ಕೆ ಹಾರಿತು. ಅವರು ಟವೆಲಿನಲ್ಲಿ ಒರೆಸಿಕೊಳ್ಳುತ್ತಾ, "ಇಷ್ಟ್ ವರ್ಷ ನಿನ್ ಬಾಯಿಂದ ಬೈಗುಳ ಬೀಳ್ತಿತ್ತು, ಈಗ ಅಭಿಷೇಕ" ಎಂದರು. ಮೂರನೆಯ ದಿನದ ಹೊತ್ತಿಗೆ ಬಾಯಲ್ಲಿ ನೀರು ನಿಲ್ಲತೊಡಗಿತು. ಆಗ ಮೊದಲ ಬಾರಿಗೆ ನನಗೆ ಆಟ ಕಂಡಿತು. ತಪ್ಪು ಪಾಸ್ ಎಸೆದ ಹುಡುಗ ಮುಂದಿನ ಸಲ ತಾನೇ ಒಂದು ಕ್ಷಣ ತಡೆದು, ನೋಡಿ ಎಸೆದ. ನಾನು ಕೂಗಿದ್ದರೆ ಆ ಕ್ಷಣ ನನ್ನ ಪಾಲಾಗುತ್ತಿತ್ತು. ಸುಮ್ಮನಿದ್ದುದಕ್ಕೆ ಅವನ ಪಾಲಾಯಿತು.

ಆದರೆ ಶ್ವೇತಾ ಹೇಳಿದ್ದೆಲ್ಲ ನಮ್ಮ ಕಡೆ ಹಾಗೆಯೇ ನಡೆಯಲಿಲ್ಲ. ಇದನ್ನು ಹೊಸಬರು ಗಮನಿಸಬೇಕು. ಮಕ್ಕಳಿಗೆ ಉತ್ತರ ಕೊಡಬೇಡಿ, ಪ್ರಶ್ನೆ ಕೇಳಿ ಎಂದಿದ್ದಳು. ಕಡೂರಿಗೆ ಬಂದು ಮಕ್ಕಳನ್ನು ಕೂರಿಸಿ, "ಈಗ ಯಾಕೆ ಬಾಲ್ ಕಳ್ಕೊಂಡ್ರಿ, ಹೇಳಿ" ಎಂದು ಕೇಳಿದೆ. ಎಲ್ಲರೂ ತಲೆ ಬಗ್ಗಿಸಿದರು. ಒಬ್ಬ ಮಾತ್ರ, "ನೀವ್ ಹೇಳ್ದಂಗೆ ಸಾ" ಎಂದ. ನಾನಿನ್ನೂ ಏನೂ ಹೇಳಿಯೇ ಇರಲಿಲ್ಲ! ಹಿರಿಯರ ಮುಖ ನೋಡಿಕೊಂಡು ಉತ್ತರ ಕೊಡುವುದನ್ನು ನಮ್ಮ ಮನೆಗಳಲ್ಲಿ ಎದುರು ಮಾತು ಎನ್ನುತ್ತಾರೆ. ಹತ್ತು ದಿನ ಹೀಗೇ ಆಯಿತು. ಒಂದು ದಿನ ಬೇಸತ್ತು ಅವರಿಗೆ ಬೆನ್ನು ಮಾಡಿ ನಿಂತೆ. ಹಿಂದೆ ಪಿಸುಮಾತು ಶುರುವಾಯಿತು. "ಲೇ, ನೀನ್ ಆ ಕಡೆ ಓಡ್ಬೇಕಿತ್ತು ಕಣೋ." "ನೀನ್ ಕೊಟ್ಟಿದ್ದೇ ಲೇಟು, ನಾನೇನ್ ಮಾಡ್ಲಿ." ನಾನು ಕೇಳಬೇಕೆಂದಿದ್ದ ಉತ್ತರಗಳೆಲ್ಲ ನನ್ನ ಬೆನ್ನ ಹಿಂದೆಯೇ ಇದ್ದವು. ಆಮೇಲೆ ಅದನ್ನೇ ಪದ್ಧತಿ ಮಾಡಿಕೊಂಡೆ. ಪ್ರಶ್ನೆ ಕೇಳುವುದು, ಬೆನ್ನು ತಿರುಗಿಸುವುದು, ನೂರು ಎಣಿಸುವುದು. ನೀವೂ ಮಾಡಿ ನೋಡಿ. ಎತ್ತರದವರು, ಕುಳ್ಳರು ಎನ್ನದೆ ಎಲ್ಲರ ಕೈಗೂ ಬಾಲ್ ಕೊಟ್ಟು ಎಲ್ಲ ಜಾಗದಲ್ಲೂ ಆಡಿಸಿ. ಐದೈದು ಜನರ ಬದಲು ಮೂರು ಮೂರು ಜನರ ಆಟ ಆಡಿಸಿದರೆ ಯಾರೂ ಸುಮ್ಮನೆ ನಿಲ್ಲಬೇಕಾಗುವುದಿಲ್ಲ. ಮೊದಲು ಸೋಲುತ್ತೀರಿ. ನಾವೂ ತರೀಕೆರೆಯಲ್ಲಿ ಹೀನಾಯವಾಗಿ ಸೋತೆವು. ಕಾರ್ಯದರ್ಶಿಗಳು ಕರೆಸಿ, "ಏನಯ್ಯಾ, ಬಾಯಿ ಮುಚ್ಕೊಂಡು ಸೋಲೋದಕ್ಕೆ ಒಂದು ವಾರ ಟ್ರೈನಿಂಗಾ?" ಎಂದು ಕೇಳಿದರು. ಆದರೆ ಆ ದಿನ ಬಸ್ಸಿನಲ್ಲಿ ಮಕ್ಕಳು ಊರು ಮುಟ್ಟುವವರೆಗೂ ಆಟದ ಬಗ್ಗೆಯೇ ಜಗಳಾಡಿದರು. ಗೆದ್ದ ವರ್ಷಗಳಲ್ಲಿ ಅವರು ಹಾಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ನಿವೃತ್ತಿಯ ಮೇಲೆ ಅಜ್ಜಂಪುರದ ಒಂದು ಶಾಲೆಯವರು ವಾರಕ್ಕೆ ಮೂರು ದಿನ ಬಂದು ಕಲಿಸಿ ಎಂದು ಕರೆದರು. ಹೋದೆ. ಏಳನೇ ತರಗತಿಯಲ್ಲಿ ಸಿಂಚನಾ ಎಂಬ ಹುಡುಗಿ ಇದ್ದಳು. ಸಣ್ಣಗಿದ್ದಳು. ಬಾಲ್ ಅವಳ ಕೈಗೂ ನೆಲಕ್ಕೂ ನಡುವೆ ಸಾಕಿದ ಬೆಕ್ಕಿನ ಹಾಗೆ ಓಡಾಡುತ್ತಿತ್ತು. ತಾಲ್ಲೂಕು ತಂಡಕ್ಕೆ ಅವಳ ಹೆಸರು ಬರೆದೆ. ಪೋಷಕರ ಸಹಿ ಇರುವ ಒಪ್ಪಿಗೆ ಪತ್ರವನ್ನು ಶನಿವಾರದೊಳಗೆ ತರಬೇಕಿತ್ತು. ಉಳಿದವರೆಲ್ಲ ಆಗಲೇ ತಂದಿದ್ದರು, ಅವಳು ಇನ್ನೂ ತಂದಿರಲಿಲ್ಲ.

"ಯಾಕಮ್ಮಾ?"

"ಅಪ್ಪ ಬ್ಯಾಡ ಅಂತಾರೆ ಸಾರ್. ಶಾಲೇಲಿ ಆಡ್ಕೋ ಸಾಕು, ಮುಂದಕ್ಕೆಲ್ಲ ಶಿಫಾರಸು ಇದ್ದೋರಿಗೇ, ಮೊದ್ಲೇ ಪಟ್ಟಿ ಮಾಡ್ಕೊಂಡಿರ್ತಾರೆ, ಆಮೇಲೆ ಸಂಕಟ ಪಡ್ಬೇಕಾಗ್ತದೆ ಅಂತಾರೆ. ಅಪ್ಪನಿಗೂ ಹಂಗೇ ಆಗಿತ್ತಂತೆ."

ಅವಳ ಅಪ್ಪ ಯಾರೆಂದು ನಾನು ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಕೇಳಿದೆ.

"ಮಂಜುನಾಥ ಅಂತ ಸಾರ್. ಮೋಟಾರ್ ಅಂಗಡಿ. ಬುಕ್ಕಾಂಬುಧಿಯೋರು."

ಬಸ್ಸಿನಲ್ಲಿ ನಾನು ಹೇಳಿದ ಸುಳ್ಳು ಇಪ್ಪತ್ತು ವರ್ಷ ದಾಟಿ, ಒಂದಕ್ಷರ ಬದಲಾಗದೆ, ಆ ಮಗುವಿನ ಬಾಯಿಂದ ನನ್ನೆದುರು ಬಂದು ನಿಂತಿತ್ತು. ಒಂದು ಮಗುವಿನ ಆಟ ಕಳೆದದ್ದು ಸಾಲದು ಎಂದು ಎರಡನೆಯದಕ್ಕೂ ಕೈ ಹಾಕಿತ್ತು. ಅದು ಬುಧವಾರ. ಮನೆಗೆ ಹೋಗಿ ಗಿರಿಜಾಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, "ಇಷ್ಟ್ ದಿನ ನನ್ಹತ್ರನೂ ಮುಚ್ಚಿಟ್ಟಿದ್ರಾ? ನಾಳೆ ಮೊದಲ್ನೇ ಬಸ್ಸಿಗೇ ಹೋಗಿ" ಎಂದಳು.

ಮಂಜುನಾಥ ಅಂಗಡಿಯಲ್ಲಿ ಮಣೆಯ ಮೇಲೆ ಕುಳಿತು ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುತ್ತಿದ್ದ. ಹೊಟ್ಟೆ ಸ್ವಲ್ಪ ಬಂದಿತ್ತು. ನನ್ನನ್ನು ಕಂಡು ಮುಖ ಅರಳಿತು.

"ಬನ್ನಿ ಸಾ, ಬನ್ನಿ. ಕೂತ್ಕಳಿ. ಇದೊಂದು ಸುತ್ತು ಮುಗಿಸಿಬಿಡ್ತೀನಿ, ಲೆಕ್ಕ ತಪ್ಪಿದ್ರೆ ಎಲ್ಲಾ ಬಿಚ್ಬೇಕು. ಮೂವತ್ತೊಂದು, ಮೂವತ್ತೆರಡು..."

ಅವನು ಮುಗಿಸುವವರೆಗೆ ಕಾದರೆ ನನ್ನ ಧೈರ್ಯ ಮುಗಿಯುತ್ತದೆ ಎನಿಸಿತು.

"ಮಂಜುನಾಥಾ, ಅವತ್ತು ಶಿಫಾರಸು ಗಿಫಾರಸು ಏನೂ ಇರ್ಲಿಲ್ಲ ಕಣಪ್ಪಾ."

"ಮೂವತ್ತಾರು, ಮೂವತ್ತೇಳು... ಯಾವತ್ತು ಸಾ?"

"ಚಿಕ್ಕಮಗಳೂರಲ್ಲಿ. ನಾನು ಯಾರ ಜೊತೆನೂ ಜಗಳಾಡ್ಲಿಲ್ಲ. ಡ್ರಿಬಲ್ ಯಾಕೆ ಕಲಿಸ್ಲಿಲ್ಲ ಅಂತ ಆ ಹಿರಿಯರು ನನ್ನ ಕೇಳಿದ್ರು. ಹುಡುಗ ಒಳ್ಳೆಯವ್ನು, ಒಂದು ವರ್ಷ ಕಲ್ಸಿ ಮುಂದಿನ ವರ್ಷ ಕರ್ಕೊಂಡು ಬನ್ನಿ ಅಂದ್ರು. ನಿಂಗೆ ನಾನು ಹೇಳ್ಲಿಲ್ಲ. ನನ್ ತಪ್ಪು ಹೊರಗೆ ಬತ್ತದೆ ಅಂತ ಹೇಳ್ಲಿಲ್ಲ."

ಅವನ ಕೈ ನಿಂತಿತು. ಎಣಿಕೆಯೂ ನಿಂತಿತು. ತಂತಿಯ ತುದಿ ಬೆರಳಿನಲ್ಲೇ ಇತ್ತು.

"ಮುಂದಿನ್ ವರ್ಷ ಕರ್ಕೊಂಡು ಬನ್ನಿ ಅಂದಿದ್ರಾ?"

"ಹೂಂ."

"ಒಂದ್ ವರ್ಷದಲ್ಲಿ ಬತ್ತಿತ್ತಾ ಸಾ ನಂಗೆ?"

"ಆರೇ ತಿಂಗ್ಳು ಸಾಕಾಗಿತ್ತು. ನಿಂಗೆ ಮೊದ್ಲೇ ಬತ್ತಿತ್ತು. ಬಿಡಿಸಿದ್ದೇ ನಾನು."

ಅವನು ಸುತ್ತಿದ್ದ ತಂತಿಯನ್ನು ಒಂದೊಂದೇ ಸುತ್ತು ಬಿಚ್ಚತೊಡಗಿದ. ನನ್ನ ಮುಖ ನೋಡದೆ, "ನೀವ್ ಹೋಗಿ ಸಾ. ಕೆಲ್ಸ ಐತೆ" ಎಂದ. ಬೈದಿದ್ದರೆ ಹಗುರಾಗುತ್ತಿತ್ತೇನೋ. ನಾನು ಎದ್ದು ಬಂದೆ.

ಶುಕ್ರವಾರ ಸಿಂಚನಾ ಗ್ರೌಂಡಿಗೆ ಬರಲಿಲ್ಲ. ಅವಳ ಬದಲಿಗೆ ಇನ್ನೊಬ್ಬಳ ಹೆಸರು ಬರೆಯಿರಿ ಎಂದು ಶಾಲೆಯವರು ಹೇಳಿದರು. ಶನಿವಾರ ಬೆಳಿಗ್ಗೆಯವರೆಗೆ ತಡೆಯಿರಿ ಎಂದು ಕೇಳಿಕೊಂಡೆ.

ಶನಿವಾರ ಬೆಳಿಗ್ಗೆ ಮಂಜುನಾಥ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಪತ್ರ ಅವನ ಅಂಗಿಯ ಜೇಬಿನಲ್ಲಿತ್ತು. ಗ್ರೌಂಡಿನ ಅಂಚಿನಲ್ಲಿ ನಿಂತು, ನಮಸ್ಕಾರವನ್ನೂ ಮಾಡದೆ ಹೇಳಿದ.

"ಸಹಿ ಹಾಕ್ತೀನಿ. ಆದ್ರೆ ನಂಗೆ ಹೇಳಿದ್ದನ್ನ ಇವ್ಳಿಗೆ ನೀವೇ ಹೇಳ್ಬೇಕು. ನನ್ ಮುಂದೆ. ನಾನು ಮನೇಲಿ ಇವ್ಳಿಗೆ ಇಷ್ಟು ವರ್ಷ ಸುಳ್ಳು ಹೇಳಿದ್ದೀನಿ, ಅದು ಸುಳ್ಳು ಅಂತ ನಂಗೇ ಗೊತ್ತಿರ್ಲಿಲ್ಲ."

ಉಳಿದ ಮಕ್ಕಳೂ ಸುತ್ತ ನಿಂತಿದ್ದರು. ಅವರನ್ನು ಆಚೆ ಕಳಿಸಲೇ ಎಂದು ಒಂದು ಕ್ಷಣ ಯೋಚಿಸಿ, ಬೇಡ ಎಂದುಕೊಂಡೆ. ಆ ಹನ್ನೆರಡು ವರ್ಷದ ಹುಡುಗಿಯ ಎದುರು ಸಿಮೆಂಟಿನ ಮೇಲೆ ಕುಳಿತು ಎಲ್ಲ ಹೇಳಿದೆ. ನಿಮ್ಮಪ್ಪನಿಗೆ ಬಾಲ್ ಬಡಿಯೋದು ನಿನ್ನಷ್ಟೇ ಚೆನ್ನಾಗಿ ಬರುತ್ತಿತ್ತು, ನಾನು ಬಿಡಿಸಿದೆ. ಅವರನ್ನು ಮತ್ತೆ ಕರೆದರು, ನಾನು ಮುಚ್ಚಿಟ್ಟೆ. ಯಾರ ಶಿಫಾರಸೂ ಇರಲಿಲ್ಲ, ನನ್ನ ಹೇಡಿತನ ಇತ್ತು. ಮಕ್ಕಳು ಬಾಯಿ ತೆರೆದುಕೊಂಡು ಕೇಳಿದರು.

ಸಿಂಚನಾ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಹಿರಿಯರ ನಡುವಿನ ಈ ಭಾರವೆಲ್ಲ ಅವಳಿಗೆ ತಿಳಿಯಿತೋ ಇಲ್ಲವೋ.

"ಹಂಗಾದ್ರೆ ಈಗ ಕಲಿಸ್ಬಿಡಿ ಸಾರ್ ಅಪ್ಪನಿಗೆ" ಎಂದಳು.

ಮಕ್ಕಳು ಗೊಳ್ಳೆಂದು ನಕ್ಕರು. ಮಂಜುನಾಥ, "ಏಯ್, ಸುಮ್ನಿರೇ, ಅಂಗ್ಡಿ ತೆಗೀಬೇಕು" ಎಂದ. ಪತ್ರ ಹೊರತೆಗೆದು ಬೈಕಿನ ಸೀಟಿನ ಮೇಲಿಟ್ಟು ಸಹಿ ಹಾಕಿ ನನ್ನ ಕೈಗೆ ಕೊಟ್ಟ. ನನ್ನ ತಪ್ಪನ್ನು ಮನ್ನಿಸಿದ್ದೇನೆ ಎಂದು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ, ನಾನು ಕೇಳಿಯೂ ಇಲ್ಲ. ಬೈಕ್ ಹತ್ತಲು ಹೊರಟವನ ಕೈಗೆ ಮಗಳು ಬಾಲನ್ನು ತುರುಕಿದಳು. ಅವನು ಅದನ್ನು ಒಮ್ಮೆ ತಿರುಗಿಸಿ ನೋಡಿದ. ಚಪ್ಪಲಿ ಬಿಟ್ಟ. ಪ್ಯಾಂಟು ಮೊಣಕಾಲವರೆಗೆ ಮಡಚಿದ. ಬರಿಗಾಲಿನಲ್ಲಿ ಅಂಕಣಕ್ಕೆ ಇಳಿದು ಬಾಲನ್ನು ನೆಲಕ್ಕೆ ಬಡಿದ. ಒಂದು, ಎರಡು, ಮೂರು, ನಾಲ್ಕು. ಐದನೆಯದು ಹೆಬ್ಬೆರಳಿಗೆ ತಗುಲಿ ಬೇಲಿಯವರೆಗೂ ಉರುಳಿ ಹೋಯಿತು.

ಕೈ ತೀರಾ ಗಟ್ಟಿಯಾಗಿದೆ, ಬೆರಳು ಬಿಡಿಸಬೇಕು ಎಂದು ನನ್ನ ನಾಲಿಗೆಯ ತುದಿಗೆ ಬಂತು. ತುಟಿ ಕಚ್ಚಿ ಹಿಡಿದೆ. ಅವನೇ ನಡೆದು ಹೋಗಿ ಬಾಲ್ ಎತ್ತಿಕೊಂಡು ಬಂದು ಮತ್ತೆ ಶುರು ಮಾಡಿದ. ಈ ಸಲ ಬೆರಳು ಸ್ವಲ್ಪ ಬಿಡಿಸಿದ್ದ.

"ಅಪ್ಪಾ, ಬಾಲ್ ನೋಡ್ಬ್ಯಾಡ, ಮುಂದೆ ನೋಡು!" ಸಿಂಚನಾ ಕೂಗಿದಳು.

"ಸುಮ್ನಿರೇ" ಎಂದ ಮಂಜುನಾಥ, ಬಾಲಿನಿಂದ ಕಣ್ಣು ತೆಗೆಯದೆ. "ನಿಮ್ ಸಾರೇ ಸುಮ್ಕೆ ಅವ್ರೆ, ನಿಂದೇನು?"